ಗಟ್ಟಿಮೇಳಕ್ಕೆ ಒಂದು ಉಸಿರು ಮೊದಲು

ನಾನು ಒಂದು ಲ್ಯಾಪ್‌ಟಾಪ್. ನಗಬೇಡಿ, ನಾನು ಮದುವೆಮನೆಗಳಲ್ಲಿ ಓಲಗ ಊದಿದವನು.

ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಮೊದಲು ಕಣ್ಣು ಬಿಟ್ಟಾಗ ಕಂಡದ್ದು ಕೈಗವಸು ತೊಟ್ಟ ಎರಡು ಕೈ. ಆಮೇಲೆ ಹಡಗು, ಗೋದಾಮು, ಕೊನೆಗೆ ಅರಸೀಕೆರೆಯ ಫೋಟೋ ಸ್ಟುಡಿಯೋ. ಅಲ್ಲಿನ ಯಜಮಾನ ರುದ್ರಮುನಿ ಮದುವೆ ಆಲ್ಬಂಗಳನ್ನು ನನ್ನ ಮೇಲೆ ಹೇರಿ ಮದುಮಕ್ಕಳ ಮುಖಕ್ಕೆ ಹೊಳಪು ಕೊಡಿಸುತ್ತಿದ್ದ. ನಾನು ನಿಧಾನ ಮಾಡಿದರೆ ಟೀ ಕುಡಿದು ಬರುತ್ತಿದ್ದ. ಫೋಟೋಗೆ ಅವಸರವೆಲ್ಲಿ? ಹಾಗಾಗಿ ಸ್ವಲ್ಪ ಸೋಮಾರಿಯಾಗಿಯೇ ಬೆಳೆದೆ. ಅವನು ಹೊಸ ಯಂತ್ರ ತಂದಾಗ ನನ್ನನ್ನು ಸುಗುಣ ಎಂಬ ಹುಡುಗಿಗೆ ಕೊಟ್ಟುಬಿಟ್ಟ.

ಸುಗುಣಳ ಅಪ್ಪ ಗೋವಿಂದಯ್ಯ ನಾದಸ್ವರ ಊದುವವರು. ದೊಡ್ಡಪ್ಪ ಕೆಂಪರಾಮಯ್ಯ ಡೋಲಿನವರು, ಓಲಗದ ತಂಡಕ್ಕೆ ಯಜಮಾನರೂ ಅವರೇ. ಗೋವಿಂದಯ್ಯನಿಗೆ ಹರ್ನಿಯಾ ಆಪರೇಷನ್ ಆದಮೇಲೆ ಡಾಕ್ಟರು, ಇನ್ನು ಊದಿದರೆ ಪ್ರಾಣಕ್ಕೇ ಕುತ್ತು ಎಂದಿದ್ದರು. ಪಾಪ, ಆ ಮನುಷ್ಯ ಬೆಳಿಗ್ಗೆಯೆಲ್ಲ ನಾದಸ್ವರವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಒರೆಸುತ್ತಿದ್ದರು. ಅನ್ನ ಸೇರುತ್ತಿರಲಿಲ್ಲ. ಓಲಗದಲ್ಲಿ ಅಪ್ಪನ ಜಾಗ ನಮ್ಮ ಮನೆಗೇ ಉಳಿಯಲಿ ಎಂದು ಸುಗುಣ ಹಟ ಹಿಡಿದಳು. ನನ್ನೊಳಗೆ ನಾದಸ್ವರದ ದನಿ ತುಂಬಿದಳು, ಹಾರ್ಮೋನಿಯಂನಂಥ ಮನೆಗಳಿರುವ, ಸ್ವಂತ ದನಿಯಿಲ್ಲದ ಒಂದು ಕೀಬೋರ್ಡನ್ನು ನನಗೆ ಜೋಡಿಸಿದಳು. ಅವಳು ಅದರ ಒಂದು ಮನೆ ಒತ್ತಿದರೆ ನಾನು ಊದಬೇಕು.

ಊದಿದೆ. ಆದರೆ ತಡವಾಗಿ.

ಕೆಂಪರಾಮಯ್ಯ ಡೋಲು ಬಡಿಯುವುದನ್ನು ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದರು. "ಇದೇನವ್ವ, ನಿನ್ ಪೆಟ್ಗೆ ಯೋಚ್ನೆ ಮಾಡ್ಕಂಡು ಮಾತಾಡ್ತದೆ? ನೀ ಒತ್ತಿ ಎಷ್ಟೊತ್ತಾಯ್ತು!"

"ಸರಿ ಮಾಡ್ತೀನಿ ದೊಡ್ಡಪ್ಪ."

"ಮಾಡು. ಬರೋ ಲಗ್ನದಾಗೆ ಗಟ್ಟಿಮೇಳ ತಡ ಆದ್ರೆ ತಿಪಟೂರಿಂದ ಬ್ಯಾರೆಯವ್ನ ಕರ್ಕೊಂಬತ್ತೀನಿ. ನಿಮ್ಮಪ್ಪ ಮನೇಲಿರ್ಲಿ."

ಗೋವಿಂದಯ್ಯ ನಾದಸ್ವರ ಒರೆಸುತ್ತಲೇ ಇದ್ದರು. ನನಗೋ ಮೈಯೆಲ್ಲ ಉರಿದುಹೋಯಿತು. ತಡ ಮಾಡುವುದು ನನಗೇನು ಆಸೆಯೇ? ನಮ್ಮ ಕುಲದ ಪದ್ಧತಿಯೇ ಹಾಗೆ. ದನಿಯನ್ನು ಬಿಂದಿಗೆಯಲ್ಲಿ ತುಂಬಿಕೊಂಡು ಆಮೇಲೆ ಸುರಿಯುತ್ತೇವೆ. ಬಿಂದಿಗೆ ದೊಡ್ಡದಾದರೆ ತುಂಬುವುದು ತಡ. ಅದನ್ನು ಲೋಟದಷ್ಟು ಮಾಡಿದರೆ ದನಿ ಬೇಗ ಬರುತ್ತದೆ, ಆದರೆ ನಾನು ಒಂದಿಷ್ಟು ಮೈಮರೆತರೂ ಲೋಟ ಖಾಲಿ, ಸ್ಪೀಕರಿನಲ್ಲಿ ಚಟಚಟ ಸದ್ದು.

ಸುಗುಣ ಇದನ್ನೆಲ್ಲ ತಾನೇ ಹುಡುಕಿ ಹುಡುಕಿ ಕಲಿತಳು. ತಂತಿಯಿಲ್ಲದ ಸ್ಪೀಕರನ್ನು ತೆಗೆದು ತಂತಿಯದ್ದನ್ನು ಸಿಕ್ಕಿಸಿದಳು. ದನಿಗೆಂದೇ ಮಾಡಿದ ಬೇರೆ ಡ್ರೈವರ್ ಸಾಫ್ಟ್‌ವೇರ್ ಹಾಕಿದಳು. ಇಂಟರ್ನೆಟ್ ಮುಚ್ಚಿದಳು, ರುದ್ರಮುನಿಯ ಆಲ್ಬಂಗಳನ್ನೆಲ್ಲ ಅಳಿಸಿದಳು. ಕರೆಂಟು ಉಳಿಸುವ ನನ್ನ ಚಾಳಿಯನ್ನೂ ಬಿಡಿಸಿದಳು. ಬಿಂದಿಗೆಯನ್ನು ಕಿರಿದು ಮಾಡುತ್ತ ಮಾಡುತ್ತ, ಚಟಚಟ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಿಸಿದಳು. ಅವಳು ಒತ್ತಿದ ಕೂಡಲೇ ನಾನು ಊದಿದೆ. ಕೆಂಪರಾಮಯ್ಯ ಮೀಸೆ ತಿರುವಿ, "ಹೂಂ, ನೋಡನ" ಎಂದರು ಅಷ್ಟೇ.

ಲಗ್ನದ ದಿನ ಬಂತು. ಛತ್ರ ತುಂಬಿ ತುಳುಕುತ್ತಿತ್ತು. ಗೋವಿಂದಯ್ಯ ಮನಸ್ಸು ತಡೆಯದೆ, ಬಟ್ಟೆ ಸುತ್ತಿದ ನಾದಸ್ವರವನ್ನು ಕಂಕುಳಲ್ಲಿಟ್ಟುಕೊಂಡು ಮಗಳ ಪಕ್ಕದಲ್ಲೇ ಬಂದು ಕೂತರು. ವರಪೂಜೆ, ಧಾರೆ ಎಲ್ಲ ಚೆನ್ನಾಗಿ ನಡೆಯಿತು. ನಾನೂ ಬೀಗಿಹೋಗಿದ್ದೆ. ಪುರೋಹಿತರು ತಾಳಿಯನ್ನು ಎಲ್ಲರಿಗೂ ಮುಟ್ಟಿಸಿಕೊಂಡು ಬರಲು ತಟ್ಟೆಯಲ್ಲಿ ಕಳಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು!

ಜನರೇಟರ್ ಗುರ್ರೆಂದಿತು. ದೀಪಕ್ಕೂ ಸ್ಪೀಕರಿಗೂ ಜೀವ ಬಂತು, ನನ್ನ ಪ್ಲಗ್ಗಿಗೆ ಮಾತ್ರ ಬರಲಿಲ್ಲ. ನನ್ನ ಬ್ಯಾಟರಿ ಮುದುಕ. ಅವನ ಭರವಸೆಯ ಮೇಲೆ ಓಡಲಾರದೆ ನಾನು ಏದುಸಿರು ಬಿಟ್ಟೆ. ಸುಗುಣ ಒಂದು ಸ್ವರ ಒತ್ತಿದಳು. ಚಟ್, ಚಟಚಟ. ಮುಂದಿನ ಸಾಲಿನ ಹೆಂಗಸರು ತಿರುಗಿ ನೋಡಿದರು. ತಾಳಿಯ ತಟ್ಟೆ ಮಂಟಪಕ್ಕೆ ವಾಪಸು ಬರುತ್ತಿತ್ತು.

ಗೋವಿಂದಯ್ಯ ನಾದಸ್ವರದ ಬಟ್ಟೆ ಬಿಚ್ಚತೊಡಗಿದರು.

"ಅಪ್ಪಾ, ಬ್ಯಾಡ!" ಸುಗುಣ ಅವರ ಕೈ ಹಿಡಿದಳು. "ಊದಿದ್ರೆ ಹೊಲಿಗೆ ಬಿಚ್ಕೊಳ್ತದೆ."

"ಒಂದ್ ಗಟ್ಟಿಮೇಳ ಕಣವ್ವ, ಒಂದೇ. ಮೇಳ ಇಲ್ದೆ ಯಾರಾದ್ರೂ ಸೀನಿದ್ರೆ ಕೇಳುಸ್ಬುಡ್ತದೆ, ಅಪಶಕುನ."

ಸುಗುಣ ಇನ್ನೊಂದು ಕೈಯಿಂದ ಬಿಂದಿಗೆಯನ್ನು ಮೊದಲಿನಷ್ಟೇ ದೊಡ್ಡದು ಮಾಡಿದಳು. ಚಟಚಟ ನಿಂತಿತು, ತಡ ಮರಳಿತು. "ಅಪ್ಪ, ಈಗ ಇದು ತಡವಾಗಿ ಊದ್ತದೆ. ಗಟ್ಟಿಮೇಳಕ್ಕೆ ಅಯ್ನೋರು ಬೆರಳೆತ್ತಾಕೆ ಮೊದ್ಲೇ ನಾನು ಒತ್ಬೇಕು. ಯಾವಾಗ ಅಂತ ನಂಗೊತ್ತಾಗಲ್ಲ."

ಗೋವಿಂದಯ್ಯ ಮಗಳ ಮುಖ ನೋಡಿದರು, ಪುರೋಹಿತರ ಕೈ ನೋಡಿದರು. "ನಂಗೊತ್ತದೆ," ಎಂದರು. "ಬೆರಳು ಎದ್ದಮ್ಯಾಲೆ ಯಾವನು ಉಸಿರು ಎಳ್ಕೊಂತಾನೆ? ಅದಕ್ಕೆ ಮೊದ್ಲೇ ಎಳ್ಕೊಂಡಿರ್ಬೇಕು."

ಮದುಮಗ ತಾಳಿ ಹಿಡಿದ. ಪುರೋಹಿತರು ಮಂತ್ರದ ಕೊನೆಗೆ ಬರುತ್ತಿದ್ದರು. ಗೋವಿಂದಯ್ಯನ ಎದೆ ಉಸಿರಿನಿಂದ ತುಂಬಿಕೊಂಡಿತು. "ಉಸಿರು!" ಎಂದರು. ಸುಗುಣ ಒತ್ತಿದಳು. ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ" ಎನ್ನುವುದಕ್ಕೂ ನಾನು ಬಾಯಿ ಬಿಡುವುದಕ್ಕೂ ಸರಿಹೋಯಿತು. ಕೆಂಪರಾಮಯ್ಯನ ಡೋಲೂ ಜೊತೆಗೇ ಮೊಳಗಿತು. ಯಾರು ಸೀನಿದರೋ ಬಿಟ್ಟರೋ, ಯಾವನಿಗೂ ಕೇಳಿಸಲಿಲ್ಲ.

ತಿಪಟೂರಿನವನ ಮಾತು ಆಮೇಲೆ ಬರಲಿಲ್ಲ. ನಾನು ದುಡಿದಷ್ಟು ಕಾಲವೂ ನನ್ನ ಬ್ಯಾಟರಿಯನ್ನು ನಂಬದೆ, ಗಟ್ಟಿಮೇಳ ಬಂತೆಂದರೆ ಸುಗುಣ ಬಿಂದಿಗೆ ದೊಡ್ಡದು ಮಾಡುತ್ತಿದ್ದಳು. ಗೋವಿಂದಯ್ಯ ಪಕ್ಕದಲ್ಲಿ ಕೂತು "ಉಸಿರು" ಎನ್ನುತ್ತಿದ್ದರು. ಎರಡು ಹೊತ್ತೂ ಚೆನ್ನಾಗಿ ಉಣ್ಣುತ್ತಿದ್ದರು.

ಈಗ ನಾನು ಅಟ್ಟದ ಮೇಲಿದ್ದೇನೆ. ಪರದೆ ಒಡೆದಿದೆ, ಕೀಲಿಗಳು ಉದುರಿವೆ. ಕೆಳಗೆ ಹೊಸ ಯಂತ್ರ ಕೂತಿದೆ. ಅದರ ಬ್ಯಾಟರಿ ಗಟ್ಟಿ, ಲೋಟದಷ್ಟರಲ್ಲೇ ಸಲೀಸಾಗಿ ಊದುತ್ತದೆ. ಮೊನ್ನೆ ಅಭ್ಯಾಸದಲ್ಲಿ ಗೋವಿಂದಯ್ಯ "ಉಸಿರು" ಎಂದರು, ಸುಗುಣ ಒತ್ತಿದಳು, ಪುರೋಹಿತರ ಬದಲಿಗೆ ಕೂತಿದ್ದ ಕೆಂಪರಾಮಯ್ಯ ಬೆರಳೆತ್ತುವ ಮೊದಲೇ ಅದು ಊದಿಬಿಟ್ಟಿತು.

"ಇದಕ್ಕೆ ನಾ ಬ್ಯಾಡ," ಎಂದು ಗೋವಿಂದಯ್ಯ ಎದ್ದು ಶಲ್ಯವನ್ನು ಗೂಟಕ್ಕೆ ಸಿಕ್ಕಿಸಿದರು. "ನಾಳೆ ಮದ್ವೆಗೆ ನೀವೇ ಹೋಗ್ಬನ್ನಿ."

ರಾತ್ರಿ ಅವರು ಅರ್ಧ ಊಟಕ್ಕೇ ಎದ್ದರು. ಬೆಳಿಗ್ಗೆ ಸುಗುಣ ಹೊಸ ಯಂತ್ರ ತೆರೆದಳು. ಮೇಲಿನಿಂದ ನಾನು ನೋಡುತ್ತಲೇ ಇದ್ದೆ. ದನಿ ಚೆನ್ನಾಗಿಯೇ ಬರುತ್ತಿತ್ತು, ಚಟಚಟವೂ ಇಲ್ಲ, ತಡವೂ ಇಲ್ಲ. ಆದರೂ ಅವಳು ಬಿಂದಿಗೆಯನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು.

"ಅಪ್ಪ, ಇಲ್ಲಿ ಬಾ. ಇದೂ ತಡ ಮಾಡ್ತಾ ಅದೆ."

ಗೋವಿಂದಯ್ಯ ಬಂದು, ಕಿವಿಗೊಟ್ಟು ಕೇಳಿದರು. ಕೆಂಪರಾಮಯ್ಯ ಸುಗುಣಳತ್ತ ಒಮ್ಮೆ ನೋಡಿ ಡೋಲಿನ ಹಗ್ಗ ಬಿಗಿದರು.

"ಹೊಸದಾದ್ರೇನು ಬಂತು, ಎಲ್ಲಾವೂ ಒಂದೇ ಸೋಂಬೇರಿಗಳು," ಎಂದು ಬೈಯುತ್ತ ಗೋವಿಂದಯ್ಯ ಶಲ್ಯ ಹೆಗಲಿಗೆ ಹಾಕಿಕೊಂಡರು. "ನಡೀರಿ, ಲಗ್ನಕ್ಕೆ ಹೊತ್ತಾಗ್ತದೆ."