ಎಂಟೂ ಹತ್ತು

“ಪಟ್ಟೀ, ಎಂಟೂ ಹತ್ತು ಅಂದ್ರೆ ಯಾವ ಎಂಟೂ ಹತ್ತು?”

ಫೋನಿನಲ್ಲಿ ದೊಡ್ಡಕ್ಕನ ಧ್ವನಿ ಎಂದಿನಂತಿರಲಿಲ್ಲ. ಮೂರನೇ ಮಹಡಿಯ ವಾರ್ಡಿನ ಹಿರಿಯ ನರ್ಸನ್ನು ಇಡೀ ಆಸ್ಪತ್ರೆ ದೊಡ್ಡಕ್ಕ ಎಂದೇ ಕರೆಯುತ್ತಿತ್ತು. ನೆಲಮಾಳಿಗೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವವಳಿಗೆ ಪಟ್ಟಿ ಎಂದು ಹೆಸರಿಟ್ಟವಳೂ ಅವಳೇ.

“ಯಾಕಕ್ಕಾ?”

“ನಾಲ್ಕನೇ ಹಾಸಿಗೆ ಡ್ರೈವರು. ರಕ್ತ ತೆಳು ಮಾಡೋ ಇಂಜೆಕ್ಷನ್ನು, ಹನ್ನೆರಡು ಗಂಟೆಗೊಂದು. ಕೊನೇದು ಎಂಟೂ ಹತ್ತಕ್ಕೆ ಅಂತ ಬೋರ್ಡಲ್ಲಿದೆ. ನಿನ್ನೆ ಸಂಜೇದು ಅಂದ್ಕೊಂಡು ಸೂಜಿ ಹಿಡ್ಕೊಂಡು ಹೋದ್ರೆ, ‘ಮತ್ತೆ ಚುಚ್ತೀರಾ ತಾಯಿ, ನಾನೇನು ಜರಡೀನಾ’ ಅಂತಾನೆ. ಮಂಪರಲ್ಲಿದ್ದಾನೆ, ನಂಬೋ ಹಾಗಿಲ್ಲ. ರಾತ್ರಿ ಪಾಳಿಯವಳು ಮನೆಗೆ ಹೋದ್ಲು, ಫೋನ್ ಎತ್ತುತ್ತಿಲ್ಲ.”

ಗೋಡೆಯ ಗಡಿಯಾರದಲ್ಲಿ ಎಂಟೂ ಮುಕ್ಕಾಲು.

ಔಷಧಿ ಕೊಟ್ಟ ಹೊತ್ತಿನ ಮೂಲ ಕೋಷ್ಟಕದಲ್ಲಿ ದಿನ, ಗಂಟೆ, ನಿಮಿಷ, ಸೆಕೆಂಡು ಎಲ್ಲವೂ ಇಡಿಯಾಗಿರುತ್ತಿದ್ದವು. ಪಟ್ಟಿ ಅದನ್ನು ಮುಟ್ಟದೆ, ಅದರ ಮುಂದೆ ಕಿಟಕಿಯಿಟ್ಟಂತೆ, ಒಬ್ಬೊಬ್ಬರಿಗೆ ಬೇಕಾದ ರೂಪದಲ್ಲಿ ಒಂದೊಂದು ವ್ಯೂ, ಅಂದರೆ ತೋರುವ ಪುಟ, ಮಾಡಿಕೊಟ್ಟಿದ್ದಳು. ನಿನ್ನೆ ದೊಡ್ಡಕ್ಕನೇ ಕೆಳಗಿಳಿದು ಬಂದು, “ಇಪ್ಪತ್ತು ಗಂಟೆ ಹತ್ತು ನಿಮಿಷ ಅಂತೆ. ನನ್ನ ಗಡಿಯಾರದಲ್ಲಿ ಇಪ್ಪತ್ತು ಎಲ್ಲಿದೆ ತೋರಿಸೇ” ಎಂದು ಕೈಗಡಿಯಾರ ಚಾಚಿದ್ದಳು. ಪಟ್ಟಿ ನಕ್ಕು ವಾರ್ಡಿನ ವ್ಯೂವನ್ನು ಹನ್ನೆರಡರ ಲೆಕ್ಕಕ್ಕೆ ತಂದಳು. ಅದನ್ನು ತೋರಿಸುವ ವಾರ್ಡಿನ ಗೋಡೆಯ ಬೋರ್ಡಿನಲ್ಲಿ ಜಾಗ ಕಿರಿದು. 08:10 ಎಂಬಂತೆ ಐದು ಅಕ್ಷರ ಸಾಕೆಂದು ಮಿಕ್ಕದ್ದನ್ನು ಕತ್ತರಿಸಿದಳು. ಬೆಳಿಗ್ಗೆಯೋ ಸಂಜೆಯೋ ಎಂಬುದು ಐದರಾಚೆ ಇತ್ತು. ಚಿಕ್ಕಂದಿನಲ್ಲಿ ತಾತ ಪದ್ಯ ಹೇಳಿಸುವಾಗ ಅವಳು ಸಾಲಿನ ಕೊನೆ ನುಂಗಿದರೆ ಮೊಣಕಾಲಿಗೆ ತಟ್ಟುತ್ತಿದ್ದ.

ಮೂಲ ಕೋಷ್ಟಕ ತೆರೆಯಲು ಹೋದಳು. ಗುಪ್ತಪದ ತಪ್ಪಾಯಿತು. ಮತ್ತೆ ಒತ್ತಿದಳು. ಸಾಲುಗಳು ಮೂಡಿದವು.

“ಕೊಡಬೇಡಿ ಅಕ್ಕಾ. ಇವತ್ತು ಬೆಳಿಗ್ಗೇದು ಅದು. ಹೋಗೋ ಮೊದಲು ರಾತ್ರಿ ಪಾಳಿಯವಳೇ ಕೊಟ್ಟಿದ್ದಾಳೆ.”

ಸಿರಿಂಜು ತಟ್ಟೆಗೆ ಬಿದ್ದ ಸದ್ದು ಕೇಳಿತು.

“ಅಕ್ಕಾ?”

“ಆರನೇ ಹಾಸಿಗೆ ನೋಡು.” ಧ್ವನಿ ಪಿಸುಮಾತಿಗಿಳಿದಿತ್ತು. “ಆ ಅಜ್ಜಿಗೂ ಅದೇ ಇಂಜೆಕ್ಷನ್ನು. ಎಂಟೂ ಐದು ಅಂತಿತ್ತು. ಅವರು ಪಾಪ ಏನೂ ಅನ್ನಲಿಲ್ಲ. ಕೊಟ್ಬಿಟ್ಟೆ ಕಣೇ.”

ಪಟ್ಟಿ ಮತ್ತೆ ಸಾಲುಗಳತ್ತ ತಿರುಗಿದಳು. ಎರಡನೇ ಹಾಸಿಗೆ, ಐದನೇದು, ಒಂಬತ್ತನೇದು. ಸಾಲುಗಳು ಹಾಸಿಗೆಯ ಕ್ರಮದಲ್ಲಿರಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದಳು, ಮಗು ಓದುವಂತೆ.

ಆರು. ನಿನ್ನೆಯ ದಿನಾಂಕ. ಇಪ್ಪತ್ತು ಗಂಟೆ ಐದು ನಿಮಿಷ.

“ಸಂಜೇದು ಅಕ್ಕಾ. ನಿನ್ನೆ ಸಂಜೇದು. ಈಗ ಕೊಟ್ಟಿದ್ದು ಸರಿಯಾಗಿದೆ.”

“ಇನ್ನೊಂದ್ಸಲ ಓದು.”

ಅವಳು ಸೆಕೆಂಡುಗಳ ಸಮೇತ ಓದಿದಳು. ಆ ಕಡೆ ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಕರೆ ಮುಗಿಸಲು ಮರೆತಿದ್ದಳು. ಕುರ್ಚಿ ಎಳೆದದ್ದು, ಮೂಗು ಒರೆಸಿಕೊಂಡದ್ದು ಕೇಳಿಸುತ್ತಿತ್ತು. ಪಟ್ಟಿ ಭುಜಕ್ಕೆ ಫೋನು ಒತ್ತಿಕೊಂಡೇ ವ್ಯೂ ತೆರೆದು, ಕತ್ತರಿಸಿದ್ದನ್ನು ಮತ್ತೆ ಸೇರಿಸತೊಡಗಿದಳು. ಜಾಗ ಸಾಲದೆ ರೋಗಿಗಳ ಹೆಸರಿನ ಬಾಲ ಮುರಿಯಿತು. ಮುರಿಯಲಿ ಎಂದು ಬಿಟ್ಟಳು.

ಫೋನಿನಲ್ಲಿ ದೂರದಿಂದ ಮುದಿ ದನಿಯೊಂದು ಕೇಳಿತು. “ಗಂಟೆ ಎಷ್ಟಮ್ಮಾ?”

“ಒಂಬತ್ತಕ್ಕೆ ಐದು ನಿಮಿಷ ಇದೆ,” ಎಂದಳು ದೊಡ್ಡಕ್ಕ. ಸ್ವಲ್ಪ ತಡೆದು, “ಬೆಳಿಗ್ಗೆ, ಅಜ್ಜಿ,” ಎಂದು ಸೇರಿಸಿದಳು.