ಎಡಗೈಯಿಂದ ಎದೆಗೆ

ನಾನು ಒಂದು ರಕ್ತನಾಳ. ಗದಗಿನ ನೀಲವ್ವ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವಳ ಎಡಗೈಯಲ್ಲಿ ಹುಟ್ಟಿಕೊಂಡೆ. ನಾಡಿ ನೋಡುವವರು ಬೆರಳಿಡುವುದು ನನ್ನ ಮೇಲೆಯೇ. ನನ್ನ ಗೋಡೆ ಬಹುಪಾಲು ಸ್ನಾಯು. ಬಿಗಿದರೆ ದಾರಿ ಕಿರಿದು, ಸಡಿಲಿಸಿದರೆ ಅಗಲ. ನನಗೆ ಗೊತ್ತಿರುವ ಕಸುಬು ಇಷ್ಟೇ.

ನೀಲವ್ವ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಪಕ್ಕದ ತೋಳಿನ ಸ್ನಾಯುಗಳು ಮಧ್ಯಾಹ್ನಕ್ಕೆಲ್ಲ ಸುಸ್ತಾಗಿ ಗೊಣಗುತ್ತಿದ್ದವು. ಅವು ದುಂದು ಮಾಡುವ ಜಾತಿ. ನಾನು ಮಹಾ ಜಿಪುಣ. ಒಮ್ಮೆ ಬಿಗಿದುಕೊಂಡೆನೆಂದರೆ ಚೂರೇ ಚೂರು ಉರುವಲಿನಲ್ಲಿ ಗಂಟೆಗಟ್ಟಲೆ ಹಿಡಿದಿರುತ್ತೇನೆ. ನನ್ನೊಳಗೆ ಎರಡು ಒಲೆಗಳಿವೆ. ಒಂದು ಉಸಿರ ಗಾಳಿಯಲ್ಲಿ ಉರಿದು ಹಿಡಿತಕ್ಕೆ ಶಕ್ತಿ ಕೊಡುತ್ತದೆ. ಇನ್ನೊಂದು, ಗಾಳಿ ಎಷ್ಟಿದ್ದರೂ ಸಕ್ಕರೆಯನ್ನು ಅರೆಬರೆ ಸುಟ್ಟು ಹುಳಿ ಮಾಡುತ್ತದೆ. ಒಳಗೆ ನುಗ್ಗುವ ಉಪ್ಪನ್ನು ಹೊರಹಾಕುವ ಖರ್ಚು ಅದರದು. ಬಿಡುವುದೂ ಪುಕ್ಕಟೆಯಲ್ಲ. ನನ್ನನ್ನು ಬಿಗಿಸಲು ಒಳಗೆ ಬಂದ ಕ್ಯಾಲ್ಸಿಯಂ ಅನ್ನು ಮತ್ತೆ ಆಚೆ ದಬ್ಬಿದರೇ ನಾನು ಸಡಿಲ.

ಮುಂದೆ ನೀಲವ್ವನ ಹೃದಯದ ನಾಳ ಕಟ್ಟಿಕೊಂಡಿತು. ಹುಬ್ಬಳ್ಳಿಯಲ್ಲಿ ಡಾಕ್ಟರು, ಕೈಗೆ ಇನ್ನೊಂದು ನಾಳ ಸಾಕೆಂದು ನನ್ನನ್ನು ಬಿಡಿಸಿ, ಕಟ್ಟಿಕೊಂಡ ಜಾಗ ದಾಟಿ ರಕ್ತ ಹೋಗುವಂತೆ ಹೃದಯದ ಮೇಲೆ ಹೊಲಿದರು. ನನಗೆ ನೋವಾಗಲಿಲ್ಲ, ಬೇಸರವೂ ಆಗಲಿಲ್ಲ. “ಆಕಿ ಅಂಜಿದ್ರ ಈ ನಾಳ ಬಿಗಿದುಕೊಂತೈತಿ, ಬಿಗಿದ್ರ ಹೃದಯಕ್ಕ ರಕ್ತ ಇಲ್ಲ. ಎದಿ ನೋವು ಬಂದ್ರ ಈ ಗುಳಗಿ ನಾಲಗಿ ಕೆಳಗ ಇಡ್ರಿ” ಎಂದು ಅವಳ ಗಂಡ ಫಕೀರಪ್ಪನಿಗೆ ಹೇಳಿದರು.

ಮನೆಗೆ ಬಂದ ಮೇಲೆ ನಾಡಿ ಪಂಡಿತ ಸಂಗಯ್ಯನವರು ಅವಳನ್ನು ನೋಡಲು ಬಂದರು. ನೀಲವ್ವ ಉಂಡು ಕೌದಿ ಹೊದ್ದು ಮಲಗಿದ್ದಳು. ಗಂಡಸರದು ಬಲಗೈ, ಹೆಂಗಸರದು ಎಡಗೈ ನೋಡುವುದು ಅವರ ಪದ್ಧತಿ. ಎಬ್ಬಿಸುವುದು ಬೇಡವೆಂದು ಕೌದಿಯೊಳಗೆ ಕೈ ಹಾಕಿ ಎಡ ಮಣಿಕಟ್ಟು ಹಿಡಿದರು. ಒತ್ತಿದರು. ಬೆರಳು ಸರಿಸಿ ಮತ್ತೆ ಒತ್ತಿದರು.

“ಫಕೀರಪ್ಪಾ, ನಾಡಿ ನಿಂತೈತಪ್ಪಾ.”

ನಾನು ಅಲ್ಲಿಲ್ಲವೆಂಬುದು ಪಂಡಿತರಿಗೆ ಗೊತ್ತಿರಲಿಲ್ಲ, ಫಕೀರಪ್ಪನಿಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಾಗಲಿಲ್ಲ. “ನೀಲಾ!” ಎಂದು ಬಾಯಿ ಬಡಿದುಕೊಂಡ.

ನೀಲವ್ವ ಬೆಚ್ಚಿ ಎದ್ದಳು. ಹೆದರಿಕೆಯ ರಸ ರಕ್ತದಲ್ಲಿ ಹರಿದು ಬಂದು, ಬಿಗಿ ಎಂದಿತು. ಬಿಗಿದೆ. ನನಗೆ ಅವಳ ಮೇಲೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ, ಹೇಳಿದ್ದನ್ನು ಮಾಡುತ್ತೇನೆ. ತೋಳಿನ ಸ್ನಾಯುವಾಗಿದ್ದರೆ ದಣಿದಾದರೂ ಬಿಡುತ್ತಿತ್ತು. ನಾನು ದಣಿಯುವವನಲ್ಲ. ನನ್ನ ಜಿಪುಣತನವೇ ಅವಳ ಜೀವ ತೆಗೆಯುತ್ತಿತ್ತು.

“ಎದಿ... ಎದಿ ಹಿಡೀತ್ರೀ...”

ಫಕೀರಪ್ಪ ಗುಳಿಗೆ ತಂದು ಅವಳ ನಾಲಗೆಯ ಕೆಳಗಿಟ್ಟ. ಅದರ ಮಾತು ನನಗೆ ತಲುಪಿತು. ಕ್ಯಾಲ್ಸಿಯಂ ಅನ್ನು ಆಚೆ ದಬ್ಬುತ್ತಾ ಬಂದೆ. ನಿಧಾನವಾಗಿ ಹಿಡಿತ ಬಿಟ್ಟಿತು, ರಕ್ತ ಹರಿಯಿತು.

ನೀಲವ್ವ ಉಳಿದಳು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಈಗ ನನಗೂ ವಯಸ್ಸಾಗಿದೆ, ಗೋಡೆ ಗಡುಸಾಗಿದೆ. ಎದೆಯ ಮೂಲೆಯಲ್ಲಿ ಸುಮ್ಮನೆ ರಕ್ತ ಸಾಗಿಸುತ್ತೇನೆ. ಫಕೀರಪ್ಪ ಮಾತ್ರ ಇವತ್ತಿಗೂ ಅವಳು ಮಲಗಿದಾಗ ಹೋಗಿ ಎಡ ಮಣಿಕಟ್ಟನ್ನೇ ಹಿಡಿದು ಕೂರುತ್ತಾನೆ.

“ಅಲ್ಲಿ ಏನೈತ್ರಿ? ಬಲಗೈ ಹಿಡೀರಿ” ಎನ್ನುತ್ತಾಳೆ ಅವಳು.

“ಇರ್ಲಿ ಬಿಡ. ನೀ ಸತ್ತಿದ್ದು ಈ ಕೈಯಾಗ” ಎನ್ನುತ್ತಾನೆ.