ಮಸಿ ಹಾಳೆಗೆ ಪಾಲಿಶ್

ನನಗೆ ಮೂಗಿನ ತುದೀಲೇ ಕೋಪ. ಆ ಕೋಪಕ್ಕೆ ಸರಿಯಾಗಿ ನಾಚಿಕೆ ಆಗಿದ್ದು ಅರವತ್ತನಾಲ್ಕನೇ ಇಸವೀಲಿ, ಯಶವಂತಪುರದ ಒಂದು ಪಾಲಿಶ್ ಅಂಗಡೀಲಿ.

ಆಗ ನಾನು ಫಾರ್ಮಕಾಲಜಿಯಲ್ಲಿ ಎಂ.ಡಿ. ಓದ್ತಿದ್ದೆ. "ಡಾಕ್ಟ್ರು ಆಗಾಯ್ತಲ್ಲ ಚನ್ನಕೇಶವ, ಇನ್ನೂ ಏನೋ ಓದೋದು? ಸೂಜಿ ಚುಚ್ಚು" ಅನ್ನೋರು ಗೊರಗುಂಟೆಪಾಳ್ಯದ ನಮ್ಮೋರು. ಚುಚ್ಚಿದ ಔಷಧಿ ಮೈಯೊಳಗೆ ಹೋಗಿ ಏನ್ ಮಾಡುತ್ತೆ ಅನ್ನೋದೇ ನನ್ನ ಓದು ಅಂದ್ರೆ ಯಾರಿಗೆ ಬೇಕಿತ್ತು!

ಗಿನಿಪಿಗ್‌ನ ಕರುಳಿನ ತುಂಡನ್ನ ಬೆಚ್ಚಗಿನ ಉಪ್ಪುನೀರಲ್ಲಿ ಇಳಿಬಿಟ್ಟು, ಅದಕ್ಕೊಂದು ಕಡ್ಡಿ ಕಟ್ಟೋದು. ದೀಪದ ಮಸಿ ಹಿಡಿಸಿದ ಬಿಳೀ ಹಾಳೇನ ತಿರುಗೋ ಡ್ರಮ್ಮಿಗೆ ಸುತ್ತೋದು. ಕರುಳು ಹಿಂಡಿಕೊಂಡಾಗ ಕಡ್ಡಿ ಮೇಲೇಳುತ್ತೆ, ಅದರ ತುದಿ ಹಾಳೆಗೆ ತಾಗಿ ಮಸಿ ಕೆರೆದು ಬಿಳೀ ಗೆರೆ ಬೀಳುತ್ತೆ. ಔಷಧಿ ಹಾಕಿದ್ರೆ ಗೆರೆ ತಗ್ಗುತ್ತೆ. ಒಂಬತ್ತು ತಿಂಗಳು ಒದ್ದಾಡಿದ್ದಕ್ಕೆ ದಕ್ಕಿದ್ದು ಆರೇ ಹಾಳೆ. ಬೆರಳು ತಾಕಿದ್ರೆ ಅಳಿಸಿಹೋಗುತ್ತೆ, ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿದ್ರೇನೇ ಉಳಿಯೋದು. ನನ್ನ ಗ್ರಹಚಾರಕ್ಕೆ ಲ್ಯಾಬಲ್ಲಿ ವಾರ್ನಿಷ್ ಖಾಲಿ! ಸೋಮವಾರ ಪ್ರೊಫೆಸರ್ ನರಸಿಂಹಯ್ಯನವರು ಹಾಳೆ ನೋಡಿ ಸಹಿ ಹಾಕ್ಬೇಕು, ಇಲ್ಲಾಂದ್ರೆ ನನ್ನ ಪ್ರಬಂಧ ಇನ್ನೊಂದು ವರ್ಷ ಮುಂದಕ್ಕೆ.

ವಾರ್ನಿಷ್ ಅಂದ್ರೆ ಇನ್ನೇನು, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಮೇಜು ಕುರ್ಚಿ ಪಾಲಿಶ್ ಮಾಡೋ ದಸ್ತಗೀರ್ ಸಾಬರ ಹತ್ರ ಡಬ್ಬಗಟ್ಟಲೆ ಇರುತ್ತೆ. ಶನಿವಾರ ಬೆಳಿಗ್ಗೆ ಹಾಳೆಗಳನ್ನ ಮರದ ಪೆಟ್ಟಿಗೇಲಿ ಪಿನ್ ಚುಚ್ಚಿ ಕೂರಿಸಿ ಅವರ ಅಂಗಡಿಗೆ ಒಯ್ದೆ. "ಇವಕ್ಕೊಂದು ಪಾಲಿಶ್ ಹಾಕಿಡಿ ಸಾಬ್ರೇ. ಮಲ್ಲೇಶ್ವರದಲ್ಲಿ ಪ್ರಬಂಧ ಟೈಪಿಗೆ ಕೊಟ್ಟಿದೀನಿ, ಇಸ್ಕೊಂಡು ಬಂದ್ಬಿಡ್ತೀನಿ" ಅಂದು ಬಸ್ ಹತ್ತಿದೆ.

ಸೋಪ್ ಫ್ಯಾಕ್ಟರಿ ಹತ್ರ ಬಸ್ಸು ನಿಂತಾಗ ನೆನಪಾಯ್ತು. ನಮ್ಮನೆ ಬಾಗಿಲಿಗೆ ಪಾಲಿಶ್ ಮಾಡೋವಾಗ ಇದೇ ಸಾಬರು ಮೊದಲು ಉಪ್ಪುಕಾಗದ ಹಾಕಿ ಉಜ್ಜಿ, ಆಮೇಲೆ ಒಂದು ಚೂರೂ ಧೂಳಿಲ್ಲದಂಗೆ ಬಟ್ಟೇಲಿ ಒರೆಸಿದ್ರು. ಒರೆಸದೆ ಅವರು ಪಾಲಿಶ್ ಡಬ್ಬ ಮುಟ್ಟೋ ಆಸಾಮಿಯೇ ಅಲ್ಲ. ನಾನು ಅದ್ದಿ ಅಂತ ಹೇಳಿರಲಿಲ್ಲ. ಒರೆಸಬೇಡಿ ಅಂತಲೂ ಹೇಳಿರಲಿಲ್ಲ.

ಬಸ್ಸಿಂದ ಹಾರಿ, ಪಂಚೆ ಎತ್ತಿ ಕಟ್ಟಿ ಓಡಿದೆ ನೋಡಿ! ಅಂಗಡಿ ಬಾಗಿಲಲ್ಲೇ ಸಾಬರು ನಿಂತಿದ್ರು. ಕೈಯಲ್ಲಿ ಬಟ್ಟೆ. ಬಟ್ಟೆ ತುಂಬಾ ಮಸಿ.

"ಅಯ್ಯೋ, ನನ್ನ ಮನೆ ಹಾಳ್ಮಾಡ್ಬಿಟ್ರಲ್ರೀ! ಒಂಬತ್ತು ತಿಂಗಳು ಕಣ್ರೀ! ಬುದ್ಧಿ ಇಲ್ವಾ ನಿಮ್ಗೆ, ಕಣ್ ಕಾಣಲ್ವಾ?" ಅಪ್ಪನ ವಯಸ್ಸಿನ ಮನುಷ್ಯ ಅನ್ನೋದೂ ನೋಡದೆ ಬಾಯಿಗೆ ಬಂದಂಗೆ ಅಂದುಬಿಟ್ಟೆ.

ಅವರು ಮಸಿ ಬಟ್ಟೆ ಹಿಡಿದ ಕೈಯಲ್ಲೇ ಒಳಗೆ ತೋರಿಸಿದ್ರು. ಹಗ್ಗದ ಮೇಲೆ ಸಾಲಾಗಿ ಹಾಳೆಗಳು, ಅರಗು ತೊಟ್ಟಿಕ್ತಾ, ಮಿರಮಿರ ಮಿಂಚ್ತಾ ಇದ್ವು. ಎಣಿಸಿದೆ. ಆರೂ ಇದ್ವು!

"ಒರೆಸಿದ್ದು ನಿಮ್ಮ ಪೆಟ್ಟಿಗೇನ ಡಾಕ್ಟ್ರೇ, ಒಳಗೆಲ್ಲ ಮಸಿ ಉದುರಿತ್ತು" ಅಂದ್ರು ಸಾಬರು.

ಅಲ್ಲೇ ಇದ್ದ ಕುರ್ಚಿ ಮೇಲೆ ಕುಸಿದೆ. ಅದಕ್ಕೆ ಆಗತಾನೆ ಪಾಲಿಶ್ ಆಗಿತ್ತಂತೆ. ಪಂಚೆ ಅಂಟಿದ್ರೆ ಅಂಟಲಿ ಅಂತ ಕೂತು ನಕ್ಕೆ, ನಗ್ತಾ ನಗ್ತಾ ಅತ್ತೂಬಿಟ್ಟೆ.

"ಸುಳ್ಳು ಯಾಕೆ ಹೇಳ್ಲಿ, ಒರೆಸಕ್ಕೇ ಅಂತ ಮೊದಲನೇ ಹಾಳೆ ಹಿಡಿದಿದ್ದೆ" ಅಂದ್ರು ಅವರು. "ಹೆಬ್ಬೆಟ್ಟು ತಾಕಿದ ಕಡೆ ಬಿಳೀ ಗುರುತು ಬಂತು. ನೋಡಿದ್ರೆ ನಿಮ್ಮ ಗೆರೇನೂ ಬಿಳೀದೇ. ಓಹೋ, ಇಲ್ಲಿ ಮಸಿ ಹೋದ್ರೆ ಎಲ್ಲಾ ಹೋಯ್ತು ಅಂತ ಒರೆಸೋದು ಬಿಟ್ಟೆ. ತಟ್ಟೇಲಿ ಅರಗು ಸುರಿದು ಮೆತ್ತಗೆ ಮುಳುಗಿಸಿದೆ. ಮೂಲೇಲಿ ನನ್ನ ಬೆರಳು ಉಳ್ಕೊಂಡ್ಬಿಡ್ತು, ತಪ್ಪಾಯ್ತು."

"ತಪ್ಪು ನಂದು ಸಾಬ್ರೇ, ಕ್ಷಮಿಸ್ಬಿಡಿ" ಅಂತ ಅವರ ಎರಡೂ ಕೈ ಹಿಡ್ಕೊಂಡೆ. ನನ್ನ ಕೈಗೂ ಮಸಿಯಾಯ್ತು.

ಸೋಮವಾರ ನರಸಿಂಹಯ್ಯನವರು ಬಿಳೀ ರಟ್ಟಿಗೆ ಅಂಟಿಸಿದ್ದ ಹಾಳೆಗಳನ್ನ ಕನ್ನಡಕ ಏರಿಸಿ ನೋಡಿದ್ರು. "ಗೆರೆ ಚೆನ್ನಾಗಿವೆ. ಇದ್ಯಾರ ಹೆಬ್ಬೆಟ್ಟಯ್ಯಾ? ಅಂಚು ಕತ್ತರಿಸಿ ಅಂಟಿಸೋಕಾಗಲಿಲ್ವೇ?"

"ಆಗ್ತಿತ್ತು ಸಾರ್, ಮನಸ್ಸು ಬರಲಿಲ್ಲ. ಅದು ಬೀಳದಿದ್ರೆ ಒಂದು ಹಾಳೇನೂ ಉಳೀತಿರಲಿಲ್ಲ" ಅಂತ ನಡೆದಿದ್ದೆಲ್ಲ ಹೇಳಿದೆ, ನಾನು ಬೈದಿದ್ದೂ ಸೇರಿಸಿ.

ಅವರು ಪೆನ್ನಿನ ಮುಚ್ಚಳ ತೆಗೆದ್ರು. ಕ್ರಯಪತ್ರಗಳಲ್ಲಿ ಹೆಬ್ಬೆಟ್ಟು ಒತ್ತಿದೋರ ಹೆಸರು ಬರೀತಾರಲ್ಲ, ಹಾಗೇ ಆ ಗುರುತಿನ ಕೆಳಗೆ ರಟ್ಟಿನ ಮೇಲೆ 'ದಸ್ತಗೀರ್ ಸಾಹೇಬರ ಹೆಬ್ಬೆಟ್ಟಿನ ಗುರುತು' ಅಂತ ದುಂಡಗೆ ಬರೆದು, ಅದರ ಕೆಳಗೆ ತಮ್ಮ ಸಹಿ ಹಾಕಿದ್ರು.